ಬೊಟ್ಟು ಬಿಟ್ಟ ಜಾಗ

ಜನವರಿ ೮, ಬುಧವಾರ

ನಮ್ಮ ಯಜಮಾನರ ಫ್ಯಾಕ್ಟರಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಇವರು ಅದನ್ನು ತಂದು ನನ್ನ ಕೈಗೆ ಹಾಕುತ್ತಾರೆ. ಯಾರಿಗೆ ಯಾವತ್ತು ಫೇಶಿಯಲ್, ಯಾವ ಮದುಮಗಳಿಗೆ ಎಷ್ಟು ಗಂಟೆಗೆ ಮೇಕಪ್ಪು ಎಂದು ಅದರಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದ ಸುಮಲತ ಕೊನೆಗೆ ಬರೆದದ್ದು ಇಷ್ಟೇ ಎಂದು ತಿಳಿದರೆ ನಮ್ಮ ಮೇಷ್ಟರು ಅತ್ತುಬಿಡುತ್ತಾರೆ. ಇವತ್ತು ನನ್ನದೇ ವಿಷಯ ಬರೆಯುತ್ತಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

ಬೆಳಿಗ್ಗೆ ಮುಖ ತೊಳೆಯಲು ಬೊಟ್ಟು ಕಿತ್ತು ಕನ್ನಡಿಗೆ ಅಂಟಿಸಿದೆ. ಅದಿದ್ದ ಜಾಗದಲ್ಲಿ ಹುರುಳಿಕಾಳಿನಷ್ಟು ಬಿಳಿ. ಸ್ಟಿಕ್ಕರಿನ ಅಂಟು ಉಳಿದಿರಬೇಕೆಂದು ತೆಂಗಿನೆಣ್ಣೆ ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಉಗುರುಬಣ್ಣ ತೆಗೆಯುವ ನೀರು ಹಾಕಿ ಉಜ್ಜಿದೆ. ಸುತ್ತ ಕೆಂಪಾಯಿತು, ನಡುವಿನ ಬಿಳಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಣೆಬರಹ ಕಣ್ಣಿಗೆ ಕಾಣುವುದಿಲ್ಲ ಎನ್ನುತ್ತಾರಲ್ಲ, ನನ್ನದು ಕಾಣುತ್ತಿದೆ, ಸೀಮೆಸುಣ್ಣದಲ್ಲಿ.

ರಾಬರ್ಟ್‌ಸನ್‌ಪೇಟೆಯಲ್ಲಿ, ಈ ಚಿನ್ನದ ಗಣಿಯ ಊರಲ್ಲಿ, ಪಾರ್ಲರ್ ಇಟ್ಟು ಇಪ್ಪತ್ತಾರು ವರ್ಷ. ಬೇರೆಯವರ ಕಲೆ ಮುಚ್ಚುವುದೇ ನನ್ನ ಕಲೆ. ಪಾರ್ಲರಿನವಳ ಹಣೆಯ ಮೇಲೇ ಅದು ಇದೆ ಎಂದು ಗೊತ್ತಾದರೆ ಯಾವ ಹೆಂಗಸು ತನ್ನ ಮುಖವನ್ನು ನನ್ನ ಕೈಗೆ ಕೊಟ್ಟಾಳು?

ಆ ರೋಗದ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. "ಅದು" ಎಂದರೆ ಸಾಕು.

ಇವರಿಗೆ ಹೇಳಿಲ್ಲ. ಎದುರಿಗೆ ಕೂತು ಮೂರು ದೋಸೆ ತಿಂದರು, ನನ್ನ ಮುಖದಲ್ಲಿ ಅವರಿಗೆ ಕಂಡದ್ದು ಚಟ್ನಿ ಮಾತ್ರ.

ಜನವರಿ ೧೨, ಭಾನುವಾರ

ಅದರ ಮೇಲೆ ಕಲೆ ಮುಚ್ಚುವ ಕನ್ಸೀಲರ್ ಹಚ್ಚಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಬೆವರಿ ಬೂದಿ ಬಣ್ಣಕ್ಕೆ ತಿರುಗಿತು. ಕೊನೆಗೆ ಮೆಣಸಿನಕಾಳಿನಷ್ಟಿದ್ದ ಸ್ಟಿಕ್ಕರ್ ಬಿಟ್ಟು ತೊಗರಿಬೇಳೆಯಷ್ಟರದು ಇಟ್ಟೆ. ಮುಚ್ಚಿತು.

ಅಂಗಡಿ ಖಾಲಿಯಿತ್ತು. ಕನ್ನಡಿಯ ಮುಂದೆ ಕೂತು ಬೊಟ್ಟಿನ ಚರಿತ್ರೆ ನೆನೆದೆ. ನಮ್ಮತ್ತೆ ಆದಿಲಕ್ಷ್ಮಮ್ಮನವರ ಕಾಲದಲ್ಲಿ ಹಣೆಗೆ ಜೇನುಮೇಣ ತೀಡಿ ಅದರ ಮೇಲೆ ಕುಂಕುಮ. ನಮ್ಮಮ್ಮನ ಕಾಲಕ್ಕೆ ಪುಟ್ಟ ಬಾಟಲಿಯಲ್ಲಿ ಕೆಂಪು ನೀರು, ಒಂದು ಕಡ್ಡಿ. ಹಣೆಯಲ್ಲಿ ನಾಗರಹಾವು ಬರೆಯಲು ಹೋದರೆ ಎರೆಹುಳು ಬರುತ್ತಿತ್ತು. ಮುಖಕ್ಕೆ ಬಡಿದುಕೊಂಡ ಪೌಡರು ಗಲ್ಲಕ್ಕೇ ನಿಲ್ಲುತ್ತಿದ್ದರಿಂದ ಕುತ್ತಿಗೆ ಬೇರೆಯವರದು ಅನ್ನಿಸುತ್ತಿತ್ತು. ನಾನು ಕಾಲೇಜಿಗೆ ಹೋಗುವಾಗ ಮಖಮಲ್ಲಿನ ಸ್ಟಿಕ್ಕರ್, ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್, ದಾರದಂಥ ಹುಬ್ಬು. ಆಗ ಕಿತ್ತ ಹುಬ್ಬು ಎಷ್ಟೋ ಜನಕ್ಕೆ ವಾಪಸು ಬರಲೇ ಇಲ್ಲ. ಈಗ ದಪ್ಪ ಹುಬ್ಬಿನ ಕಾಲ. ಅದೇ ಹೆಂಗಸರು ಬರೆಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಾರೆ. ಕಿತ್ತವಳೂ ನಾನೇ, ನೆಡುವವಳೂ ನಾನೇ.

ನಡುವೆ ಬ್ಲೀಚಿನ ಕಾಲವೊಂದು ಬಂದಿತ್ತು. "ನನ್ನ ಬೆಳ್ಳಗೆ ಮಾಡ್ಬಿಡಿ ಸುಮಕ್ಕ" ಎಂದು ಊರಿಗೆ ಊರೇ ಸಾಲು ನಿಂತಿತ್ತು. ಈಗ ನಾನೊಬ್ಬಳು ನಿಜವಾಗಿಯೂ ಬೆಳ್ಳಗಾಗುತ್ತಿದ್ದೇನೆ, ತೋರಿಸುವಂತಿಲ್ಲ.

ಈಗಿನ ಮದುಮಕ್ಕಳಿಗೆ ಮೇಕಪ್ಪೇ ಮಾಡಿಲ್ಲ ಅನ್ನಿಸುವ ಮೇಕಪ್ಪು ಬೇಕು. ಅದಕ್ಕೆ ಮೂರು ಗಂಟೆ ಹಿಡಿಯುತ್ತದೆ.

ಜನವರಿ ೨೦, ಸೋಮವಾರ

ಅದು ತೊಗರಿಬೇಳೆಯನ್ನೂ ದಾಟಿತು. ಇಲ್ಲಿ ತೋರಿಸಿದರೆ ಔಷಧಿಗಿಂತ ಮುಂಚೆ ಸುದ್ದಿ ಹರಡುತ್ತದೆ ಎಂದು ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಗೆ ಹೋದೆ. ಚರ್ಮದ ಡಾಕ್ಟರು ಸ್ಟಿಕ್ಕರ್ ಕೀಳಿಸಿ, ದೀಪ ಹಿಡಿದು ನೋಡಿದರು.

"ಎಷ್ಟು ವರ್ಷದಿಂದ ಇಡ್ತಿದೀರಮ್ಮ?"

"ಮೂವತ್ತು."

"ಇದರ ಗೋಂದಿನಲ್ಲಿರೋ ರಾಸಾಯನಿಕ ಕೆಲವರ ಚರ್ಮದ ಬಣ್ಣ ತಿಂದುಹಾಕತ್ತೆ. ಒಬ್ಬರಿಂದ ಒಬ್ಬರಿಗೆ ಬರೋದಲ್ಲ. ಮೊದಲು ಸ್ಟಿಕ್ಕರ್ ಬಿಡಿ. ಮುಲಾಮು ಹಚ್ಚಿ. ಒಂದಷ್ಟು ತಿಂಗಳು ಹಣೆ ಖಾಲಿ ಇರಲಿ. ಬಣ್ಣ ಬಂದರೂ ಬರಬಹುದು."

"ಬರದೇ ಇದ್ದರೆ?"

"ಬರದೇ ಇದ್ದರೂ ನಿಮಗೇನೂ ಆಗಲ್ಲ."

ಅಂದರೆ ಇದು ಅಂಟುರೋಗ ಅಲ್ಲ, ಅಂಟಿನ ರೋಗ! ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಈ ಶ್ಲೇಷೆ ಹೊಳೆದು ಒಬ್ಬಳೇ ನಕ್ಕೆ. ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಅಳು ಬಂತು. ಬರಿ ಹಣೆಯಲ್ಲಿ ಪಾರ್ಲರ್ ಹೇಗೆ ನಡೆಸಲಿ? ಸೆರಗು ಹಣೆಯ ಮೇಲೆ ಎಳೆದುಕೊಂಡು ಕೂತಿದ್ದಾಗ ನಮ್ಮತ್ತೆ ಊರಿನ ಹಾಲಿನ ಡೇರಿಯ ವೆಂಕಿ ಸಿಕ್ಕ.

"ಏನಕ್ಕಾ, ಯಾಕಿಂಗಿದೀರಾ?"

"ಏನ್ ಹೇಳ್ಲಿ ವೆಂಕಿ. ಎಲ್ಲಾ ಮುಗೀತು" ಎಂದೆ.

ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೈಮುಗಿದು ಹೋದ. ಈ ಕಾಲದಲ್ಲೂ ಇಷ್ಟು ಮೆತ್ತಗಿನ ಮನಸ್ಸಿನವರು ಇದ್ದಾರೆ.

ಜನವರಿ ೨೧, ಮಂಗಳವಾರ

ಅಯ್ಯೋ ವೆಂಕಿ!

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದರು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇವರು ಹೋಗಿ ತೆಗೆದರು. ಹೊರಗೆ ಅತ್ತೆ, ಅವರ ಹಿಂದೆ ಅಶ್ವತ್ಥಪ್ಪ ಚಿಕ್ಕಪ್ಪ, ಚಿಕ್ಕಪ್ಪನ ಕೈಯಲ್ಲಿ ಮೊಳಕಾಲುದ್ದದ ಚೆಂಡುಹೂವಿನ ಹಾರ. ಕಾಮಸಮುದ್ರದಿಂದ ಮೊದಲನೇ ಬಸ್ಸಿಗೆ ಬಂದಿದ್ದರು.

ಸೆರಗಿನಡಿ ಅರೆಬರೆ ಕಂಡ ನನ್ನ ಬೋಳು ಹಣೆ, ಕೆಂಪು ಕಣ್ಣು, ಮೇಲೆ "ಎಲ್ಲಾ ಮುಗೀತು" ಎಂಬ ಮಾತು! ಮೂರನ್ನೂ ಕೂಡಿಸಿ ವೆಂಕಿ ಊರಿಗೆ ಸುದ್ದಿ ಮುಟ್ಟಿಸಿದ್ದಾನೆ. ಇವರದು ಸೆಕೆಂಡ್ ಶಿಫ್ಟ್. ಮೊಬೈಲು ಫ್ಯಾಕ್ಟರಿ ಗೇಟಲ್ಲಿ ಆಫ್ ಮಾಡಿ ಇಟ್ಟವರು ಮನೆಗೆ ಬಂದ ಮೇಲೂ ಆನ್ ಮಾಡಿರಲಿಲ್ಲ. ನನ್ನದು ಸೈಲೆಂಟಲ್ಲಿತ್ತು, ಹದಿನಾರು ಮಿಸ್ಡ್ ಕಾಲ್.

ಅತ್ತೆ ನೊರೆ ತುಂಬಿದ ಬಾಯಿಯ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಕೆನ್ನೆಗೊಂದು ಬಿಟ್ಟರು. ಆಮೇಲೆ ತಬ್ಬಿಕೊಂಡು ಅತ್ತರು.

"ಬದುಕಿರೋನು ಒಂದ್ ಫೋನ್ ಎತ್ತಕ್ಕಾಗಲ್ವೇನ್ಲಾ?"

ಚಿಕ್ಕಪ್ಪನಿಗೆ ಹಾರದ್ದೇ ಚಿಂತೆ. "ವಾಪಸ್ ಕೊಟ್ರೆ ತಗಂತಾನೇನಪ್ಪ ಊವಿನವ್ನು?" ಇವರು ಅದನ್ನು ತಮ್ಮ ಸ್ಕೂಟರಿಗೆ ಹಾಕಿದರು. ಎಲ್ಲರೂ ಉಪ್ಪಿಟ್ಟು ತಿಂದೆವು.

ರೈಲಿನ ನೂಕುನುಗ್ಗಲಲ್ಲಿ ಬೊಟ್ಟು ಬಿದ್ದುಹೋಗಿತ್ತು ಎಂದು ಸುಳ್ಳು ಹೇಳಿದೆ. ಚಿಕ್ಕಪ್ಪ ಹೊರಟರು. ಮಗನನ್ನು ನಾಲ್ಕು ದಿನ ಕಣ್ತುಂಬ ನೋಡಬೇಕೆಂದು ಅತ್ತೆ ಉಳಿದರು.

ಡಾಕ್ಟರು ಹೇಳಿದ್ದು ಡಾಕ್ಟರಿಗಿರಲಿ. ಬೋಳು ಹಣೆ ಇಟ್ಟುಕೊಂಡು ಇದ್ದ ಗಂಡನನ್ನು ಇಲ್ಲವಾಗಿಸಲು ನನ್ನಿಂದಾಗದು. ನಾಣ್ಯದಷ್ಟು ಅಗಲದ ಸ್ಟಿಕ್ಕರ್ ತೆಗೆದು ಇಟ್ಟೆ.

ಜನವರಿ ೩೧, ಶುಕ್ರವಾರ

ವಿಚಿತ್ರ ನಡೆಯುತ್ತಿದೆ. ನನ್ನ ಬೊಟ್ಟು ಫ್ಯಾಷನ್ ಆಗಿದೆ.

ಮೊದಲು ನೋಡಿದ್ದು ಮುನಿನಾರಾಯಣಕ್ಕ. ಪಕ್ಕದ ಬೀದಿಯವರು. ಬೆಳಿಗ್ಗೆ ಅವರ ಕಿವಿಗೆ ಬಿದ್ದದ್ದು ಸಂಜೆಗೆ ಮಾರಿಕುಪ್ಪಂ ಮುಟ್ಟುತ್ತದೆ. "ಏನ್ ಕಳೆ ಬಂದೈತೆ ಸುಮಾ! ಲಕ್ಷ್ಮಿ ಇದ್ದಂಗಿದ್ದೀಯ" ಎಂದರು. ಮಾರನೆಯ ದಿನ ಅವರದೂ ನಾಣ್ಯದಗಲ. ಆಮೇಲೆ ನಾಲ್ಕು ಜನ, ಆಮೇಲೆ ಹತ್ತು. ತಮಿಳಿನ ಹುಡುಗಿಯರು "ಅಕ್ಕಾ, ಅಂದ ಪೆರಿಯ ಪೊಟ್ಟು" ಎನ್ನುತ್ತಾರೆ, ತೆಲುಗಿನವರು "ಪೆದ್ದ ಬೊಟ್ಟು" ಎನ್ನುತ್ತಾರೆ. ಕೊಳ್ಳುವುದು ಮಾತ್ರ ಎಲ್ಲರೂ ಆ ದೊಡ್ಡ ಬೊಟ್ಟನ್ನೇ. ಜನ ನನ್ನತ್ತ ಬೊಟ್ಟು ಮಾಡಿ ತೋರಿಸಬಾರದು ಎಂದು ಇಟ್ಟ ಬೊಟ್ಟನ್ನೇ ಈಗ ಎಲ್ಲರೂ ಬೊಟ್ಟು ಮಾಡಿ ತೋರಿಸುತ್ತಿದ್ದಾರೆ.

ಇವತ್ತು ಅಂಜನಮ್ಮ ಮಗಳು ಅಕ್ಷರಾಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ದಿನಾ ರೈಲಲ್ಲಿ ಬೆಂಗಳೂರಿನ ಬ್ಯಾಂಕಿಗೆ ಹೋಗಿಬರುತ್ತಾಳೆ. ಮದುವೆ ಮಾರ್ಚ್ ಒಂಬತ್ತಕ್ಕೆ, ಮೇಕಪ್ಪು ನನ್ನದೇ.

"ನಂಗೆ ಬೊಟ್ಟೇ ಬೇಡ ಆಂಟಿ. ಇಟ್ಟರೂ ಚುಕ್ಕೆಯಷ್ಟು."

"ಚುಕ್ಕೆಯಂತೆ! ಮದುವೆ ಎಣ್ಣೋ, ಸೊಳ್ಳೆ ಕಚ್ಚಿಸ್ಕೊಂಡೋಳೋ?" ಎಂದರು ಅಂಜನಮ್ಮ. "ನೀವೇ ಯೋಳಿ ಸುಮಕ್ಕ. ನಿಮ್ ತರಾನೇ ಇಡ್ಬೇಕು."

ನಾನು ಹೇಳಿದೆ. ಬಣ್ಣದ ಮಾತು ನನಗೇನು ಹೊಸದೇ? ಅಗಲ ಹಣೆಗೆ ಅಗಲ ಬೊಟ್ಟೇ ಚೆಂದ ಎಂದೆ. ಇಟ್ಟು ತೋರಿಸಿದೆ. ಹುಡುಗಿ ಕನ್ನಡಿ ನೋಡಿ ನಕ್ಕಳು, ಒಪ್ಪಿದಳು. ಈಗಿನಿಂದಲೇ ಅಭ್ಯಾಸ ಆಗಲಿ ಎಂದು ಒಂದು ಹಾಳೆ ಸ್ಟಿಕ್ಕರ್ ಅವಳ ಬ್ಯಾಗಿಗೆ ಹಾಕಿದೆ.

ಫೆಬ್ರವರಿ ೧೫, ಶನಿವಾರ

ಅಕ್ಷರಾ ಫೇಶಿಯಲ್ಲಿಗೆ ಬಂದಿದ್ದಳು. ಸ್ಟಿಕ್ಕರ್ ಕಿತ್ತರೆ ಕೆಳಗೆ ಬಳೆಯ ಹಾಗೆ ಕೆಂಪು ಸುತ್ತು, ಸಣ್ಣ ಸಣ್ಣ ಗುಳ್ಳೆ. "ತುಂಬಾ ಕಡಿಯುತ್ತೆ ಆಂಟಿ. ಯಾಕೆ?"

ಉಷ್ಣ ಎಂದೆ.

ಫೆಬ್ರವರಿ ೧೬, ಭಾನುವಾರ

ಉಷ್ಣ ಎಂದೆ.

ಫೆಬ್ರವರಿ ೧೯, ಬುಧವಾರ

ಅತ್ತೆಯ ನಾಲ್ಕು ದಿನ ನಾಲ್ಕು ವಾರವಾಯಿತು. ಮಗನನ್ನು ಇನ್ನೂ ನೋಡುತ್ತಲೇ ಇದ್ದಾರೆ.

ಬೆಳಿಗ್ಗೆ ಬಚ್ಚಲಿನಿಂದ ಬರುತ್ತಿದ್ದೆ, ಹಣೆಯಲ್ಲಿ ಸ್ಟಿಕ್ಕರ್ ಇರಲಿಲ್ಲ. ಎದುರಿಗೆ ಅವರು. ತಿರುಗಿಕೊಳ್ಳಲು ಹೊತ್ತಾಗಿತ್ತು.

"ನಂಗ್ ಗೊತ್ತೈತೆ ಬಾ" ಎಂದರು. "ಬಂದ ಮೂರನೇ ದಿನವೇ ನೋಡ್ದೆ. ನೀನೇ ಯೋಳ್ತೀಯ ಅಂತ ಇದ್ದೆ."

ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ವೆಂಕಿಗೆ ನಾನು ಹೇಳಿದ್ದು, ಅಂಗಡಿಯ ಭಯ. ಅತ್ತೆ ತಮ್ಮ ಹಣೆಯ ಹಸಿರು ಹಚ್ಚೆಬೊಟ್ಟನ್ನು ಮುಟ್ಟಿಕೊಂಡರು. ಏಳು ವರ್ಷದವರಿದ್ದಾಗ ಸೂಜಿಯಲ್ಲಿ ಚುಚ್ಚಿಸಿದ್ದು.

"ನಿಮ್ ಮಾವ ಓದಾಗ ಕುಂಕುಮ ಒರೆಸಿದ್ರು, ಬಳೆ ಒಡೆದ್ರು. ಇದನ್ನೂ ಒರೆಸಕ್ ಬಂದ್ರು ನೋಡು, ಒದ್ದೆ ಬಟ್ಟೆ ತಗಂಡು. ಓಗ್ತದಾ? ನಂಗೆ ಆ ಅಳೂನಲ್ಲೂ ನಗು ಬಂತು. ಅಣೆ ನಂದು, ಆದ್ರೆ ಎಲ್ಲಾರ್ಗೂ ಅದ್ರ ಮೇಲೇ ಕಣ್ಣು."

ನಾನೂ ನಕ್ಕೆ. ಅವರು ನಗುವುದನ್ನು ನಿಲ್ಲಿಸಿದರು.

"ಆ ಮದುವೆ ಎಣ್ಗೂ ಇದನ್ನೇ ಅಂಟ್ಸಿದೀಯಲ್ಲ. ಅವಳಿಗೆ ಯೋಳಿದ್ಯಾ?"

"ಇಲ್ಲ ಅತ್ತೆ."

ಅವರು ಒಳಗೆ ಹೋದರು. ಕಾಫಿಗೆ ನೀರಿಟ್ಟರು.

ಫೆಬ್ರವರಿ ೨೩, ಭಾನುವಾರ

ಇವತ್ತು ಅಕ್ಷರಾಳಿಗೆ ಟ್ರಯಲ್ ಮೇಕಪ್ಪು. ಅವಳು ಕುರ್ಚಿಯಲ್ಲಿ. ಹಿಂದೆ ಸೋಫಾದಲ್ಲಿ ಅಂಜನಮ್ಮ, ಜೊತೆಗೆ ಸುಮ್ಮನೆ ನೋಡಲು ಬಂದ ಮುನಿನಾರಾಯಣಕ್ಕ. ಸ್ಟಿಕ್ಕರ್ ಕಿತ್ತೆ. ಕೆಂಪು ಇನ್ನಷ್ಟು ಅಗಲವಾಗಿತ್ತು. ಹುಡುಗಿ ಅದರ ಮೇಲೆ ಪೌಡರ್ ಹಾಕಿಕೊಂಡು ಬಂದಿದ್ದಳು, ನಾನು ಮಾಡುವ ಹಾಗೆಯೇ.

"ಅಂಜನಮ್ಮ, ಇವಳಿಗೆ ಸ್ಟಿಕ್ಕರ್ ಆಗಿಬರಲ್ಲ. ಇವತ್ತಿಂದಲೇ ಬೇಡ. ಚರ್ಮದ ಡಾಕ್ಟರಿಗೆ ತೋರಿಸಿ."

"ಯಾಕ್ ಆಗಲ್ಲ? ಇಡೀ ಪೇಟೆ ಆಕ್ಕೊಂಡೈತೆ. ನೀವೇ ಆಕ್ಕೊಂಡಿದ್ದೀರಲ್ಲ!"

ಏನೇನೋ ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದೆ. ಅದೆಲ್ಲ ಬಿಟ್ಟು ನನ್ನ ಬೊಟ್ಟಿಗೆ ಉಗುರು ಹಾಕಿ ಕಿತ್ತೆ.

"ಇದಕ್ಕೇ" ಎಂದೆ.

ಅಂಜನಮ್ಮ ಎದ್ದು ಬಂದು ಮಗಳ ಗಲ್ಲ ಹಿಡಿದಿದ್ದ ನನ್ನ ಕೈ ಸರಿಸಿದರು.

"ತೊನ್ನು! ಈ ಕೈಯಲ್ಲಿ ಇಷ್ಟ್ ದಿನ ನನ್ ಮಗಳ ಮುಖ ಮುಟ್ಟಿದ್ರಾ?"

"ಇದು ಅಂಟುರೋಗ ಅಲ್ಲ ಅಂಜನಮ್ಮ, ಅಂಟಿನ ರೋಗ."

ಬಂಗಾರಪೇಟೆಯಲ್ಲಿ ನನ್ನನ್ನೇ ನಗಿಸಿದ್ದ ಮಾತು. ಇಲ್ಲಿ ಅದು ಅಂಗಡಿಯ ನೆಲದ ಮೇಲೆ ಬಿದ್ದು ಸತ್ತಿತು.

ಅಕ್ಷರಾ ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. "ನಿಮಗೆ ಯಾವಾಗ ಗೊತ್ತಾಯ್ತು ಆಂಟಿ?"

"ಜನವರಿಯಲ್ಲಿ."

"ನನ್ನ ಬ್ಯಾಗಿಗೆ ಹಾಳೆ ಹಾಕೋಕ್ಕೆ ಮುಂಚೆನಾ?"

"ಮುಂಚೆನೇ."

ಅವಳು ಕುತ್ತಿಗೆಯ ಟವೆಲ್ಲು ತೆಗೆದು ಮಡಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಾಯಿ ಮಗಳು ಹೊರಟರು. ಮುನಿನಾರಾಯಣಕ್ಕ ಅವರಿಗಿಂತ ಮೊದಲೇ ಹೊರಟಿದ್ದರು, ಊರಿಗೆ ಹೇಳಬೇಕಲ್ಲ.

ಇವರಿಗೂ ಇವತ್ತೇ ಹೇಳಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿ, "ಇದು ಯಾವಾಗಿಂದ?" ಎಂದರು. ನಿಮ್ಮ ಮೂರು ದೋಸೆಗೆ ಮುಂಚಿನಿಂದ ಎಂದೆ.

ಫೆಬ್ರವರಿ ೨೭, ಗುರುವಾರ

ನಾಲ್ಕು ದಿನದಲ್ಲಿ ಒಬ್ಬರೂ ಬಂದಿಲ್ಲ. ಈ ಡೈರಿಯ ಮುಂದಿನ ಪುಟಗಳಲ್ಲಿದ್ದ ಐದು ಮದುವೆಗಳನ್ನು ಹೊಡೆದುಹಾಕಿದೆ. ಅಕ್ಷರಾಳಿಗೆ ಬೆಂಗಳೂರಿನಿಂದ ಮೇಕಪ್ಪಿನವಳನ್ನು ಗೊತ್ತು ಮಾಡಿದ್ದಾರಂತೆ.

ನಾಲ್ಕು ಗಂಟೆಗೆ ಇವರು ರಜೆ ಹಾಕಿ ಬಂದರು. "ಗಂಡಸರಿಗೆ ಪ್ರವೇಶವಿಲ್ಲ" ಎಂಬ ಬೋರ್ಡು ಓದಿಕೊಂಡೇ ಒಳಗೆ ಬಂದು ಕುರ್ಚಿಯಲ್ಲಿ ಒರಗಿದರು.

"ಫೇಶಿಯಲ್ ಮಾಡು."

"ಯಾವುದು ರೀ? ಹಣ್ಣಿಂದಾ, ಚಿನ್ನದ್ದಾ?"

"ಚಿನ್ನದ ಗಣಿನೇ ಮುಚ್ಚೋಯ್ತು. ಹಣ್ಣಿಂದೇ ಮಾಡು."

ಮುಖಕ್ಕೆ ಪಪ್ಪಾಯಿ ಮೆತ್ತಿ, ಕಣ್ಣಿಗೆ ಸೌತೆಕಾಯಿ ಇಟ್ಟೆ. ಐದು ನಿಮಿಷಕ್ಕೆ ಗೊರಕೆ. ಒಂದು ಸೌತೆಕಾಯಿ ಜಾರಿತು. ಇಪ್ಪತ್ತೈದು ವರ್ಷ ಇವರು ನನ್ನ ಮುಖ ಸರಿಯಾಗಿ ನೋಡಿಲ್ಲ ಎಂದು ದೂರುತ್ತಿದ್ದೆನಲ್ಲ, ಇವರ ಎಡ ಹುಬ್ಬಿನ ಕೆಳಗೆ ಹಳೆಯ ಗಾಯದ ಗುರುತಿದೆ. ಅದನ್ನು ನಾನು ನೋಡಿದ್ದು ಇವತ್ತೇ.

ಮಾರ್ಚ್ ೪, ಮಂಗಳವಾರ

ಮಧ್ಯಾಹ್ನ ಎರಡು ಗಂಟೆಗೆ ಮುನಿನಾರಾಯಣಕ್ಕ ಬಂದರು. ಒಳಗೆ ಬಂದವರೇ ಚಿಲಕ ಹಾಕಿದರು, ಪರದೆ ಎಳೆದರು.

"ಇನ್ನೂ ಯಾರಿಗಾದ್ರೂ ಹೇಳೋದು ಬಾಕಿ ಇದೆಯಾ ಅಕ್ಕ?" ಎಂದೆ. ಕೋಪ ಇತ್ತು.

ಅವರು ಕನ್ನಡಿಯ ಮುಂದೆ ಕೂತು ತಮ್ಮ ಬೊಟ್ಟು ಕಿತ್ತರು. ಅದರ ಕೆಳಗೆ ನನ್ನದಕ್ಕಿಂತ ದೊಡ್ಡದು. ಅಂಚಿನಲ್ಲಿ ಕಂದು ಪೆನ್ಸಿಲ್ಲಿನಿಂದ ತಿದ್ದಿದ್ದರು, ಅದೂ ಎಷ್ಟು ನಾಜೂಕಾಗಿ!

"ಆರು ವರ್ಷ ಆಯ್ತು ಸುಮಾ. ಮನೇಲಿ ಯಾರಿಗೂ ಗೊತ್ತಿಲ್ಲ."

"ಮತ್ತೆ ನನ್ನದನ್ನ ಊರಿಗೆಲ್ಲಾ ಯಾಕಕ್ಕ ಸಾರಿದ್ರಿ?"

"ಎಲ್ಲಾರೂ ನಿನ್ ಅಣೆ ನೋಡ್ತಿದ್ರೆ ನನ್ ಅಣೆ ಯಾರ್ ನೋಡ್ತಾರೆ?" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. "ತಪ್ಪಾಯ್ತು ಕಣೆ. ಆ ಡಾಕ್ಟ್ರು ಎಲ್ಲವ್ರೆ, ಅದನ್ನ ಯೋಳು ಮೊದ್ಲು."

ಬೈಯಬೇಕೆಂದು ಬಾಯಿಗೆ ಬಂದದ್ದೆಲ್ಲ ಹೋಯಿತು. ಡಾಕ್ಟರ ವಿಳಾಸ ಬರೆದುಕೊಟ್ಟೆ. ಮುಲಾಮು ಹೇಗೆ ಹಚ್ಚುವುದೆಂದು ನನ್ನ ಟ್ಯೂಬಿನಿಂದಲೇ ತೋರಿಸಿದೆ. ಶುಕ್ರವಾರ ಬೆಳಗಿನ ರೈಲಿಗೆ ಇಬ್ಬರೂ ಹೋಗುವುದು ಎಂದಾಯಿತು. ತೊನ್ನಿನ ನೆಪದಲ್ಲಿ ಪಾನಿಪುರಿಯನ್ನೂ ತಿಂದು ಬರಬಹುದು.

ಹೊರಡುವಾಗ ಅದೇ ಬೊಟ್ಟನ್ನು ಅದೇ ಜಾಗಕ್ಕೆ ಒತ್ತಿಕೊಂಡು ಚಿಲಕ ತೆಗೆದರು. ಇರಲಿ.

ಮಾರ್ಚ್ ೯, ಭಾನುವಾರ

ಅಕ್ಷರಾಳ ಮದುವೆಗೆ ಹೋಗಿದ್ದೆವು. ಮೊನ್ನೆ ಅವಳದೇ ಮೆಸೇಜು ಬಂದಿತ್ತು: ಡಾಕ್ಟರಿಗೆ ತೋರಿಸಿದೆ, ಗೋಂದಿನದೇ ತೊಂದರೆ ಅಂದರು, ಬೇಗ ಬಿಟ್ಟಿದ್ದು ಒಳ್ಳೆಯದಾಯಿತಂತೆ, ಮದುವೆಗೆ ಬನ್ನಿ. ಕೊನೆಗೆ ಇನ್ನೊಂದು ಸಾಲು: "ನಂಗಿನ್ನೂ ಸ್ವಲ್ಪ ಕೋಪ ಇದೆ." ಇರಬೇಕಾದದ್ದೇ.

ಬೆಂಗಳೂರಿನವಳ ಕೆಲಸ ಚೆನ್ನಾಗಿತ್ತು. ಕಣ್ಣಿನ ಕೆಲಸವಂತೂ ನನ್ನಿಂದ ಆಗುತ್ತಿರಲಿಲ್ಲ. ತುಟಿ ಸ್ವಲ್ಪ ಮಂಕಾಯಿತು, ಮಂಟಪದ ದೀಪಕ್ಕೆ ಒಂದು ಛಾಯೆ ಹೆಚ್ಚೇ ಬೇಕು. ಹುಡುಗಿಯ ಹಣೆಯಲ್ಲಿ ಗೋಂದು ಇಲ್ಲ, ಹರಳಿಲ್ಲ. ಬರೀ ಕುಂಕುಮ, ಯಾರೋ ಬೆರಳಲ್ಲಿ ಇಟ್ಟದ್ದು, ಒಂಚೂರು ಸೊಟ್ಟ. ಕೆಂಪು ಸುತ್ತು ಆರಿತ್ತು. ಮುನಿನಾರಾಯಣಕ್ಕ ಮೂರನೇ ಸಾಲಿನಲ್ಲಿ ಕೂತು, ನಾಣ್ಯದಗಲದ ಬೊಟ್ಟಿನೊಂದಿಗೆ, ಯಾರದೋ ಮನೆಯ ಸುದ್ದಿ ಹೇಳುತ್ತಿದ್ದರು. ಪಾಯಸಕ್ಕೆ ಏಲಕ್ಕಿ ಜಾಸ್ತಿ. ಇವರು ಮೂರು ಸಲ ಹಾಕಿಸಿಕೊಂಡರು.

ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯರು ನನ್ನ ಬೋಳು ಹಣೆ ನೋಡಿ ಕುಂಕುಮದ ಬಟ್ಟಲನ್ನು ಹಿಂದಕ್ಕೆಳೆದುಕೊಂಡರು. ಕೊಡಬಹುದೋ ಬಾರದೋ ಅವರಿಗೆ ತಿಳಿಯಲಿಲ್ಲ. ಒಬ್ಬಳು ನನ್ನ ಹಿಂದೆ ನಿಂತಿದ್ದ ಇವರನ್ನು ಇಣುಕಿ ನೋಡಿದಳು. "ಇದ್ದೀನಮ್ಮ, ಇದ್ದೀನಿ" ಎಂದರು ಇವರು.

ಅಷ್ಟರಲ್ಲಿ ಅಂಜನಮ್ಮ ಬಂದರು. ಹುಡುಗಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಒಂದು ಗಳಿಗೆ ಹಾಗೇ ನಿಂತರು. ಕುಂಕುಮದಲ್ಲಿ ಉಂಗುರದ ಬೆರಳು ಅದ್ದಿದರು. ನನ್ನ ಹಣೆಗೆ, ಸರಿಯಾಗಿ ಬೆಳ್ಳಗಿರುವ ಜಾಗಕ್ಕೇ, ಒತ್ತಿ ಇಟ್ಟರು. ಕೂಡಲೇ ಕೈ ತೆಗೆಯಲಿಲ್ಲ.

"ಊಟಕ್ ಓಗಿ ಸುಮಕ್ಕ. ಎರಡನೇ ಪಂಕ್ತಿ ಶುರುವಾಗ್ತೈತೆ" ಎಂದರು, ಬೇರೆ ಕಡೆ ನೋಡಿಕೊಂಡು.

ಹಣೆ ಖಾಲಿ ಇರಲಿ ಎಂದಿದ್ದರು ಡಾಕ್ಟರು. ಮನೆಗೆ ಬಂದ ತಕ್ಷಣ ಒರೆಸಿಕೊಳ್ಳಬೇಕು ಅಂದುಕೊಂಡವಳು ಅತ್ತೆಗೆ ಮದುವೆಯ ವರದಿ ಒಪ್ಪಿಸುವುದರಲ್ಲಿ ಮರೆತೇಬಿಟ್ಟೆ. ಈಗ ಬರೆಯುತ್ತ ಬಗ್ಗಿದ್ದಕ್ಕೆ ಪುಟದ ಮೇಲೆಲ್ಲ ಕೆಂಪು ಪುಡಿ ಉದುರುತ್ತಿದೆ, ಊದಿದರೂ ಹೋಗುತ್ತಿಲ್ಲ.